ಮೊದಲರ್ಧ ಚೆನ್ನಾಗಿತ್ತು

ಆ ಬೆಳಿಗ್ಗೆ ಮಂಜು ಬಿದ್ದದ್ದು ಅಂತಿಂಥ ಹಾಗಲ್ಲ. ಎದುರು ಮನೆ ಇದೆಯೋ ಇಲ್ಲವೋ ಎಂದು ಕೈಚಾಚಿ ಮುಟ್ಟಿ ನೋಡಬೇಕು, ಹಾಗೆ ಬಿದ್ದಿತ್ತು. ಕಿಟಕಿಯ ಸರಳುಗಳಿಂದ ಹನಿಹನಿಯಾಗಿ ನೀರು ಇಳಿಯುತ್ತಿತ್ತು. ಒಳಗೆ ನಾಲ್ಕು ಜನ ಸೇರಿ ಒಂದು ಮಂಚವನ್ನು, ಅದರ ಮೇಲೆ ಮಲಗಿದ್ದ ಹೆಂಗಸಿನ ಸಮೇತ, ಎತ್ತುತ್ತಿದ್ದರು.

"ಮೆಲ್ಲಗೆ, ಮೆಲ್ಲಗೆ. ಬೀರುಗೆ ತಗುಲುತ್ತೆ ನೋಡು."

"ನೀನು ಕಾಲಿನ ಕಡೆ ಹಿಡ್ಕೊಳ್ಳಯ್ಯ. ತಲೆ ಕಡೆ ನಾನಿದೀನಿ."

"ಎಲ್ಲಿಗೆ ಹೊತ್ಕೊಂಡು ಹೋಗ್ತಿದೀರಿ ನನ್ನ?" ಎಂದು ಮಂಚದ ಮೇಲಿನಿಂದ ಆಕೆ ಕೇಳಿದಳು.

"ಎಲ್ಲಿಗೂ ಇಲ್ಲ ಅತ್ತಿಗೆ, ಆ ಗೋಡೆ ಹತ್ರಕ್ಕೆ ಅಷ್ಟೇ" ಎಂದ ಕ್ಷೌರಿಕ. "ಅಣ್ಣನ್ನ ಮಲಗಿಸೋಕೆ ನಡುವೆ ಜಾಗ ಬೇಕಲ್ಲ."

ಇದ್ದದ್ದು ಒಂದು ಕೋಣೆ, ಅದರ ಹಿಂದೊಂದು ಅಡುಗೆಮನೆ. ಹನ್ನೊಂದು ವರ್ಷ ಆ ಮಂಚ ಬೀದಿಯ ಕಿಟಕಿಯ ಕೆಳಗೇ ಇತ್ತು. ಬೀದಿಯಲ್ಲಿ ಯಾರು ಹೋದರು, ಯಾರ ಸೈಕಲ್ಲಿನ ಬೆಲ್ಲು ಕೆಟ್ಟಿದೆ, ಯಾರ ಮಗಳು ಹೊಸ ಚಪ್ಪಲಿ ಹಾಕಿದ್ದಾಳೆ, ಎಲ್ಲ ಆಕೆಗೆ ಗೊತ್ತಾಗುತ್ತಿದ್ದದ್ದು ಆ ಕಿಟಕಿಯಿಂದ. ಈಗ ಮಂಚವನ್ನು ಓಣಿಯ ಕಡೆಯ ಗೋಡೆಗೆ ಒತ್ತಿ ಇಟ್ಟರು. ಇಡುವಾಗ ತಲೆ ಕಾಲು ಅದಲುಬದಲಾಗಿ ಆಕೆಯ ಮುಖ ಗೋಡೆಗೆ ಬಂತು. ಮೂಗಿನಿಂದ ಒಂದು ಗೇಣು ದೂರದಲ್ಲಿ ಸುಣ್ಣ ಬಿರಿದ ಗೋಡೆ, ಗೋಡೆಯ ಮೇಲೆ ಗಾಜು ಹಾಕಿದ ಒಂದು ಫೋಟೋ. ಬೆನ್ನ ಹಿಂದೆ ಚಾಪೆ ಹಾಸಿದ ಸದ್ದು, ಮೂರು ನಾಲ್ಕು ಜನರ ಭಾರವಾದ ಉಸಿರು, ಆಮೇಲೆ ಏನೂ ಇಲ್ಲ.

ಆಕೆಗೆ ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಯಾರಾದರೂ ಹೊರಳಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಹೊರಳಿಸುತ್ತಿದ್ದ ಮನುಷ್ಯ ನಸುಕಿನ ನಾಲ್ಕಕ್ಕೆ ಎದ್ದು ಹೊರಳಿಸಿ, ಮೊಣಕಾಲುಗಳ ನಡುವೆ ದಿಂಬಿಟ್ಟು, ತನ್ನ ಚಾಪೆಗೆ ಹೋಗಿ ಮಲಗಿದ್ದ. ಆರಕ್ಕೆ ಏಳಲಿಲ್ಲ. "ರೀ" ಎಂದು ಆಕೆ ಕೂಗಿದಳು. "ರೀ, ಆರಾಯ್ತು" ಎಂದಳು. ತಿರುಗಿ ನೋಡಲಾರದೆ ಬೀದಿಯ ಮಂಜನ್ನೇ ನೋಡುತ್ತಾ ಕೂಗಿದಳು. ಕೊನೆಗೆ ಪಕ್ಕದ ಮನೆಯ ಹೊಲಿಗೆಯವಳು ಬಂದು ಬಾಗಿಲ ಸಂದಿನಲ್ಲಿ ಕತ್ತರಿ ತೂರಿಸಿ ಚಿಲಕ ಎತ್ತಿದ್ದಳು.

ಆ ಹೊಲಿಗೆಯವಳೇ ಈಗ ಮಂಚದ ಬಳಿ ಬಂದು ನಿಂತಳು.

"ಅಕ್ಕ, ಈ ಕಡೆ ಹೊರಳಿಸ್ತೀನಿ. ಅಣ್ಣನ ಮುಖ ಕಾಣುತ್ತೆ."

"ಬೇಡ."

"ನಾಲ್ಕು ಗಂಟೆಯಿಂದ ಒಂದೇ ಮಗ್ಗುಲಲ್ಲಿದೀರಿ."

"ನನ್ನ ಮೈ ಮುಟ್ಟಬೇಡ ಅಂದೆ."

ಮೂರು ವರ್ಷಗಳ ಮೌನದ ನಂತರ ಅವರಿಬ್ಬರ ನಡುವೆ ನಡೆದ ಮಾತು ಇಷ್ಟು. ಹೊಲಿಗೆಯವಳು ಹೊದಿಕೆಯ ಅಂಚನ್ನು ಸರಿಮಾಡಿ ಹಿಂದೆ ಸರಿದಳು. ಮನೆಗೆ ಹೋಗಲಿಲ್ಲ, ಬಾಗಿಲ ಬಳಿ ಕೂತಳು.

ಸತ್ತವರು ಫೋಟೋಗಳಿಗೆ ಕಟ್ಟು ಹಾಕುವ ಕಸುಬಿನವರು. ಬೀದಿಯ ತಿರುವಿನಲ್ಲಿ ನಾಲ್ಕಡಿ ಅಗಲದ ಅಂಗಡಿ. ಗಾಜು ಕೊಯ್ದು, ಮರದ ಪಟ್ಟಿಯನ್ನು ಮೂಲೆಗೆ ಮೂಲೆ ಕೂಡುವ ಹಾಗೆ ಓರೆಯಾಗಿ ಕತ್ತರಿಸಿ, ಜನರ ಮದುವೆಗಳನ್ನೂ ಮಕ್ಕಳನ್ನೂ ಹಿರಿಯರನ್ನೂ ಕಟ್ಟಿನೊಳಗೆ ಕೂರಿಸಿ ಕೊಡುತ್ತಿದ್ದರು. ಈ ಗೋಡೆಯ ಮೇಲಿನ ಫೋಟೋಗೂ ಅವರದೇ ಕಟ್ಟು. ಅದರಲ್ಲಿ ಗಂಡ ಹೆಂಡತಿ ಇಬ್ಬರೂ ಎದ್ದು ನಿಂತಿದ್ದರು. ಆದರೆ ಆಕೆ ಫೋಟೋವನ್ನು ನೋಡುತ್ತಿರಲಿಲ್ಲ. ಗಾಜಿನಲ್ಲಿ, ಹಿಂದಿನ ಕೋಣೆ ಚಿಕ್ಕದಾಗಿ ಮೂಡಿತ್ತು. ಚಾಪೆಯ ತುದಿ, ಬಿಳಿ ಬಟ್ಟೆ, ಬಟ್ಟೆಯಿಂದ ಹೊರಗೆ ಎರಡು ಪಾದ. ಎಡಪಾದದ ಹಿಮ್ಮಡಿಗೆ ಹಳದಿ ಬಟ್ಟೆಯ ಪಟ್ಟಿ ಸುತ್ತಿತ್ತು. ಅದು ಯಾವಾಗಿನ ಗಾಯ ಎಂದು ಆಕೆಗೆ ತಿಳಿಯಲಿಲ್ಲ.

ತಲೆಯ ಮೇಲ್ಗಡೆ ಓಣಿಗೆ ತೆರೆದ ಸಣ್ಣ ಕಿಟಕಿಯಿತ್ತು. ಅದರಾಚೆಯ ಕಲ್ಲಿನ ಕಟ್ಟೆಯ ಮೇಲೆ ಗಂಡಸರು ಬಂದು ಕೂತರು. ಒಳಗೆ, ಗೋಡೆಗೆ ಅಂಟಿದ ಹಾಗೆ ಆಕೆಯ ಮಂಚ ಇದೆಯೆಂದು ಅವರಿಗೆ ನೆನಪಿರಲಿಲ್ಲ.

"ಅವನ ತಂಗಿ ಬರೋ ಬಸ್ಸು ಎಲ್ಲಿದೆಯಂತೆ?" ಇದು ನಿವೃತ್ತ ಮೇಷ್ಟ್ರ ದನಿ.

"ಮಂಜಲ್ಲಿ ನಿಂತುಬಿಟ್ಟಿದೆಯಂತೆ ಸಾರ್. ಹನ್ನೆರಡಕ್ಕೆ ಮುಂಚೆ ಬರಲ್ಲ" ಎಂದ ಕ್ಷೌರಿಕ.

ಸುಮ್ಮನೆ ಕೂತರು. ಯಾರೋ ಕೆಮ್ಮಿದರು. ಆದರೆ ಮನುಷ್ಯ ಎಷ್ಟು ಹೊತ್ತು ಸುಮ್ಮನಿದ್ದಾನು? ಸಾವಿನ ಮನೆಯ ಮುಂದೆ ಕೂತವರಿಗೆ ಬದುಕಿನ ಮಾತು ಬೇಕೇಬೇಕಾಗುತ್ತದೆ. ದೇವರು ಕೂಡ ಅದನ್ನು ತಪ್ಪೆಂದು ಎಣಿಸಲಾರ.

"ಈ ವಾರದ್ದು ನೋಡಿದ್ರಾ ಮೇಷ್ಟ್ರೇ?"

"ಥೂ, ಎಂಥ ಹೊತ್ತಲ್ಲಿ ಸಿನಿಮಾ ಮಾತಯ್ಯ ನಿಂದು?"

"ಅವನಿದ್ದಿದ್ರೆ ಅವನೇ ಮೊದಲು ಕೇಳ್ತಿದ್ದ."

ಮೇಷ್ಟ್ರು ನಿಟ್ಟುಸಿರಿಟ್ಟರು. "ಅದೂ ನಿಜವೇ ಅನ್ನು. ನೋಡ್ದೆ. ಹೀರೋಗಿಂತ ಅವನ ಕುದುರೆ ಚೆನ್ನಾಗಿ ಮಾಡಿದೆ."

"ಕುದುರೆಗೆ ಡೈಲಾಗ್ ಇರಲಿಲ್ಲ ಸಾರ್, ಅದಕ್ಕೇ. ಆ ಡೈಲಾಗ್ ಕೊಟ್ಟಿದ್ರೆ ಕುದುರೆನೂ ಕೆಡ್ತಿತ್ತು."

ಒಂದು ನಗೆ ಹುಟ್ಟಿ, ಜಾಗ ನೆನಪಾಗಿ, ಗಂಟಲಲ್ಲೇ ಅಡಗಿತು.

"ನಮ್ಮ ಇಂಟರ್‌ವಲ್ ಏನಂದ ಅದಕ್ಕೆ?" ಎಂದರು ಮೇಷ್ಟ್ರು.

"ಇನ್ನೇನಂತಾನೆ? ಸೋಮವಾರ ಕೇಳ್ದೆ. 'ಮೊದಲರ್ಧ ಚೆನ್ನಾಗಿತ್ತು' ಅಂದ."

ಈಗ ಇಬ್ಬರೂ ನಕ್ಕರು. ನಗುನಗುತ್ತಲೇ ಕ್ಷೌರಿಕನ ದನಿ ಒಡೆಯಿತು. "ಹನ್ನೊಂದು ವರ್ಷ ಸಾರ್. ಎಲ್ಲ ಸಿನಿಮಾದ್ದೂ ಮೊದಲರ್ಧ ಚೆನ್ನಾಗಿರ್ತಿತ್ತು ಅವನಿಗೆ. ಬೆಲ್ಲು ಹೊಡೆಯೋದೇ ತಡ, ಸೀಟು ಬಿಟ್ಟು ಮನೆ ಕಡೆ ಓಟ. ಒಂದೇ ಒಂದು ಸಿನಿಮಾದ ಕೊನೆ ನೋಡಿಲ್ಲ ಆ ಮನುಷ್ಯ. 'ಇಂಟರ್‌ವಲ್ ಅಣ್ಣ' ಅಂತ ಹೆಸರಿಟ್ಟೋನೇ ನಾನು."

"ನಾವು ಕೊನೆ ಹೇಳ್ತೀವಿ ಅಂದ್ರೆ ಕೇಳ್ತಿದ್ನೇ?"

"ಎರಡು ಕಿವೀನೂ ಮುಚ್ಕೊಳ್ತಿದ್ದ. 'ನಿಮ್ಮ ಕೊನೆ ನೀವೇ ಇಟ್ಕೊಳ್ರಯ್ಯ, ನನ್ನ ಹತ್ರ ನಂದಿದೆ' ಅನ್ನೋನು."

ಗೋಡೆಯ ಈಚೆಗೆ ಆಕೆ ಕಣ್ಣು ಮುಚ್ಚಲಿಲ್ಲ. ಗಾಜಿನೊಳಗಿನ ಆ ಪಾದಗಳನ್ನೇ ನೋಡುತ್ತಿದ್ದಳು.

*

ಆಕೆ ಬಿದ್ದದ್ದು ಕಚೇರಿಯ ಮೆಟ್ಟಿಲ ಮೇಲಿಂದ. ಟೈಪಿಸ್ಟ್ ಆಗಿದ್ದಳು, ಬೆರಳು ಅಷ್ಟು ಚುರುಕು, ಕಾಲು ಒಂದು ಕ್ಷಣ ಮೈಮರೆಯಿತು. ಆಸ್ಪತ್ರೆಯಲ್ಲಿ ಮೂರು ತಿಂಗಳಿದ್ದಳು. ಅಲ್ಲಿ ಹೊರಳಿಸಲು ಬರುತ್ತಿದ್ದ ಇಬ್ಬರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಾ, "ಹಿಡಿಯೇ, ಈ ಮೂಟೆನೂ ಒಂದು ಎತ್ತಿಬಿಡೋಣ" ಎನ್ನುತ್ತಿದ್ದರು. ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಮನೆಗೆ ಬಂದ ದಿನ ಗಂಡನಿಗೆ ಒಂದೇ ಮಾತು ಹೇಳಿದಳು. "ನಿಮ್ಮನ್ನ ಬಿಟ್ಟು ಬೇರೆ ಯಾರ ಕೈಯೂ ನನ್ನ ಮೈ ಮೇಲೆ ಬೀಳಬಾರದು."

ಅವರು ಹೂಂ ಎಂದರು. ಆ ಒಂದು 'ಹೂಂ'ಗೆ ಎಷ್ಟು ತೂಕವೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಮೈ ಹುಣ್ಣಾಗುತ್ತದೆ ಎಂದಿದ್ದರು ಡಾಕ್ಟರು. ಸೊಂಟದ ಕೆಳಗಿನ ನೋವು ಆಕೆಗೆ ತಿಳಿಯುತ್ತಿರಲಿಲ್ಲ; ಗಡಿಯಾರಕ್ಕೆ ಮಾತ್ರ ತಿಳಿಯುತ್ತಿತ್ತು. ಆಕೆಯ ಕೈಗಡಿಯಾರವೊಂದಿತ್ತು, ಕಚೇರಿಗೆ ಕಟ್ಟಿಕೊಂಡು ಹೋಗುತ್ತಿದ್ದದ್ದು. ಅಂಕಿಗಳು ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಿದ್ದವು. ಅದನ್ನು ಅವರು ಮಂಚದ ತಲೆದೆಸೆಯ ಮೊಳೆಗೆ ನೇತುಹಾಕಿದರು. ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ, ಎರಡೆರಡು ಗಂಟೆಗೆ. ಗಾಣದ ಎತ್ತಿನ ಸುತ್ತಾದರೂ ಸಂಜೆಗೆ ನಿಲ್ಲುತ್ತದೆ. ಇದು ನಿಲ್ಲುತ್ತಿರಲಿಲ್ಲ.

ಭಾನುವಾರ ಮಾತ್ರ ಎರಡಕ್ಕೆ ಹೊರಳಿಸಿ, ಮೊಳೆಯಿಂದ ಗಡಿಯಾರ ತೆಗೆದು ಜೇಬಿಗಿಟ್ಟುಕೊಂಡು ಟಾಕೀಸಿಗೆ ಹೋಗುತ್ತಿದ್ದರು. ಹನ್ನೆರಡು ನಿಮಿಷದ ದಾರಿ. ಎರಡೂವರೆಗೆ ಆಟ ಶುರು. ನಾಲ್ಕಕ್ಕೆ ಸರಿಯಾಗಿ ಮನೆಯಲ್ಲಿರುತ್ತಿದ್ದರು.

"ಇಷ್ಟು ಬೇಗ ಮುಗೀತಾ?" ಎಂದು ಆಕೆ ಮೊದಲ ಸಲ ಕೇಳಿದ್ದುಂಟು.

"ಈಗಿನ ಸಿನಿಮಾ ಅಷ್ಟೇ ಕಣೆ. ಹಾಡು ಕಡಿಮೆ, ಫೈಟಿಂಗ್ ಕಡಿಮೆ. ಒಂದೂಕಾಲು ಗಂಟೆಗೆ ಎಲ್ಲ ಮುಗಿಸಿ ಕಳಿಸ್ತಾರೆ."

ಆಕೆ ನಂಬಿದಳು. ಹೊರಗಿನ ಲೋಕವೆಲ್ಲ ಅವರ ಬಾಯಿಂದಲೇ ಬರಬೇಕಾಗಿದ್ದವಳು ಇನ್ನೇನು ಮಾಡಿಯಾಳು?

ಹೊರಳಿಸಿ, ಮುಖ ಒರೆಸಿ, ಟೀ ಕುಡಿಸಿ, ಸ್ಟೂಲಿನ ಮೇಲೆ ಕೂತು ಅವರು ಸಿನಿಮಾ ಹೇಳುತ್ತಿದ್ದರು. ಹೇಳುವುದೆಂದರೆ ಸುಮ್ಮನೆ ಅಲ್ಲ. ಅತ್ತೆಯ ದನಿಯಲ್ಲಿ ಬೈದು, ಪೊಲೀಸಿನವನ ಹಾಗೆ ಮೀಸೆ ತಿರುವಿ, ಹೀರೋಯಿನ್ ಅತ್ತರೆ ತಾವೂ ಮೂಗೊರೆಸಿಕೊಂಡು ಹೇಳುತ್ತಿದ್ದರು. ಅರ್ಧದವರೆಗೆ ಹಾಗೆ. ಅರ್ಧದ ನಂತರ ದನಿ ತಗ್ಗುತ್ತಿತ್ತು, ಕೈ ಆಡುವುದು ನಿಲ್ಲುತ್ತಿತ್ತು, ಕಣ್ಣು ಕಿಟಕಿಯ ಆಚೆ ಎಲ್ಲೋ ಹೋಗುತ್ತಿತ್ತು. ಕೊನೆಯಲ್ಲಿ ಕತೆಯ ಜನ ಹೊರಟುಬಿಡುತ್ತಿದ್ದರು. ಸರ್ಕಸ್ಸಿನ ಚಾಕು ಎಸೆಯುವವನು ಡೇರೆ ಬಿಟ್ಟು ಲಾರಿ ಹತ್ತುತ್ತಿದ್ದ. ನ್ಯಾಯಾಧೀಶ ಕೋಟು ಕಳಚಿ ಸೇತುವೆ ದಾಟಿ ನಡೆಯುತ್ತಿದ್ದ. ಮೂರು ಮಕ್ಕಳ ತಾಯಿಯೊಬ್ಬಳು ದೋಣಿ ಹತ್ತಿದ್ದೂ ಉಂಟು. ಒಬ್ಬರೂ ಹಿಂದಿರುಗಿ ನೋಡುತ್ತಿರಲಿಲ್ಲ.

"ನಿಮ್ಮ ಸಿನಿಮಾದವರಿಗೆ ಮನೇಲಿ ಕೂತಿರೋಕೆ ಏನು ಧಾಡಿ?" ಎಂದು ಆಕೆ ರೇಗಿಸುತ್ತಿದ್ದಳು. "ಎಲ್ಲರೂ ಎದ್ದು ಹೋಗ್ತಾರಲ್ಲ!"

"ಕೂತ್ಕೊಂಡ್ರೆ ಸಿನಿಮಾ ಮುಗಿಯಲ್ಲ ಕಣೆ" ಎನ್ನುತ್ತಿದ್ದರು.

ಮೂರು ವರ್ಷದ ಹಿಂದೆ ದೀಪಸ್ತಂಭ ಕಾಯುವವನ ಮಗಳ ಸಿನಿಮಾ ಬಂತು. ಆಗ ಹೊಲಿಗೆಯವಳು ದಿನಕ್ಕೊಮ್ಮೆ ಬಂದು ಬಾಗಿಲಲ್ಲಿ ಕೂತು, ಗುಂಡಿಗಳಿಗೆ ಕಾಜಾ ಹಾಕುತ್ತಾ ಹರಟೆ ಹೊಡೆದು ಹೋಗುತ್ತಿದ್ದಳು. "ಸಾಕಪ್ಪ, ಆ ಹುಡುಗಿ ಕೊನೇಲಿ ಬಂಡೆ ಮೇಲೆ ಬಿದ್ದು ಸಾಯೋದು ನೋಡಿ ನಂಗೆ ಊಟ ಸೇರಲಿಲ್ಲ" ಎಂದಳು.

"ಸಾಯೋದೆಲ್ಲಿ? ಹಡಗು ಹತ್ತಿ ಹೋಗ್ತಾಳಲ್ಲ."

"ಯಾವ ಹಡಗು ಅಕ್ಕ? ಸತ್ತೇ ಹೋದಳು. ನನ್ನ ಕಣ್ಣಾರೆ ನೋಡಿದೀನಿ."

"ನಮ್ಮವರು ಸುಳ್ಳು ಹೇಳ್ತಾರಾ ಹಾಗಾದ್ರೆ?"

"ಸುಳ್ಳು ಅಂತ ನಾನೆಲ್ಲಂದೆ…"

"ನೀನು ನಿದ್ದೆ ಹೊಡೀತಿದ್ದೆ. ನಿದ್ದೆ ಹೊಡೆದು ಬಂದು, ಸತ್ತಳು ಕೆಟ್ಟಳು ಅಂತ ಕತೆ ಕಟ್ತೀಯ. ಮಲಗಿದಲ್ಲೇ ಇರೋಳು, ಇವಳಿಗೇನು ಗೊತ್ತಾಗುತ್ತೆ ಅಂತ ತಾನೇ?"

ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಹೊಲಿಗೆಯವಳು ಸೂಜಿ ದಾರ ಎತ್ತಿಕೊಂಡು ಎದ್ದು ಹೋದವಳು ಮತ್ತೆ ಬರಲಿಲ್ಲ. ಅವತ್ತು ಸಂಜೆ ಗಂಡನಿಗೆ ಇದನ್ನು ಹೇಳಿದಾಗ ಅವರು ತಲೆ ಬಗ್ಗಿಸಿದರು. "ಅವಳ ಮೇಲೆ ಯಾಕೆ ಕೋಪ ಮಾಡ್ಕೊಂಡೆ?" ಎಂದಷ್ಟೇ ಹೇಳಿದರು.

*

ಬಸ್ಸು ಬಂದಾಗ ಹನ್ನೆರಡೂವರೆ. ತಂಗಿ ಬಾಗಿಲಿನಿಂದಲೇ ಅಳುತ್ತಾ ಬಂದಳು. ಆಕೆಗೆ ಗಾಜಿನಲ್ಲಿ ಒಂದು ಬೆನ್ನು ಬಾಗಿ ಅಲುಗಿದ್ದು ಮಾತ್ರ ಕಂಡಿತು. ಎಡಭುಜ ಕೆಂಡದಂತೆ ಉರಿಯುತ್ತಿತ್ತು. ಅದರ ಕೆಳಗೆ ಏನು ಉರಿಯುತ್ತಿದೆಯೋ ಗೊತ್ತಾಗದು. ತಲೆಯೊಳಗೆ ಮಾತ್ರ ಲಾರಿಗಳು, ದೋಣಿಗಳು, ಸೇತುವೆಗಳು ಒಂದರ ಹಿಂದೊಂದು ಬರುತ್ತಿದ್ದವು. ಅವೆಲ್ಲ ಯಾವ ಟಾಕೀಸಿನಲ್ಲೂ ಇರಲಿಲ್ಲ. ಈ ಕೋಣೆಯಲ್ಲಿ, ಆ ಸ್ಟೂಲಿನ ಮೇಲೆ ಕೂತು, ತನ್ನ ಮುಖದ ಮುಂದೆಯೇ ಆ ಮನುಷ್ಯ ವಾರವಾರವೂ ಮನೆ ಬಿಟ್ಟು ಹೋಗುತ್ತಿದ್ದ. ತಾನು ಟೀ ಕುಡಿಯುತ್ತಾ ಕೇಳುತ್ತಿದ್ದಳು. ಬೇಗ ಬೇಗ ಹೇಳಿ ಎನ್ನುತ್ತಿದ್ದಳು.

ಹೋಗಲಿಲ್ಲ ನಿಜ. ಹೋಗಬೇಕೆಂದಿತ್ತೋ? ಅದನ್ನು ಇನ್ನು ಯಾರನ್ನು ಕೇಳುವುದು?

ಕಳೆದ ಭಾನುವಾರವೂ ನೆನಪಾಯಿತು. ಅದು ನೆನಪಾಗದಿರಲೆಂದು ಬೆಳಿಗ್ಗೆಯಿಂದ ಗೋಡೆಯ ಬಿರುಕುಗಳನ್ನು ಎಣಿಸಿದ್ದಳು.

ಆ ದಿನ ನಾಲ್ಕಾಯಿತು, ಅವರು ಬರಲಿಲ್ಲ. ಗಡಿಯಾರ ಅವರ ಜೇಬಿನಲ್ಲಿ. ಆಕೆ ಬೀದಿಯ ನೆರಳು ನೋಡಿ ಹೊತ್ತು ಅಳೆದಳು. ನೆರಳು ಎದುರು ಮನೆಯ ಮೆಟ್ಟಿಲೇರಿತು, ಬಾಗಿಲಿಗೆ ಬಂತು. ಹಾಸಿಗೆ ಒದ್ದೆಯಾಯಿತು. ಅವರು ಬಂದದ್ದು ಐದೂಕಾಲಕ್ಕೆ. ಏದುಸಿರು ಬಿಡುತ್ತಾ ಒಳಗೆ ಬಂದವರ ಮುಖ ಕೂಡ ನೋಡದೆ ಆಕೆ ಹೇಳಿದಳು.

"ಯಾಕೆ ಬಂದ್ರಿ? ಅಲ್ಲೇ ಇದ್ದುಬಿಡಬೇಕಿತ್ತು. ನಿಮಗೇನು, ಕಾಲಿದೆ, ಎಲ್ಲಿಗೆ ಬೇಕಾದ್ರೂ ಹೋಗ್ತೀರಿ."

ಅವರು ನೀರು ಕಾಯಿಸಿದರು, ಒರೆಸಿದರು, ಹಾಸಿಗೆ ಬದಲಿಸಿದರು, ಹೊರಳಿಸಿದರು. ಸ್ಟೂಲು ಮೂಲೆಯಲ್ಲೇ ಉಳಿಯಿತು. ಆ ವಾರದ ಸಿನಿಮಾ ಅವರು ಹೇಳಲಿಲ್ಲ, ಆಕೆ ಕೇಳಲಿಲ್ಲ. ಮೊಳೆಗೆ ಗಡಿಯಾರವೂ ವಾಪಸ್ಸು ಬರಲಿಲ್ಲ. ಮರುದಿನದಿಂದ ಅಂಗಡಿಯ ಟೈಮ್‌ಪೀಸನ್ನು ತಂದಿಟ್ಟುಕೊಂಡು ಏಳುತ್ತಿದ್ದರು. ನನ್ನ ಗಡಿಯಾರ ಎಲ್ಲಿ ಎಂದೂ ಆಕೆ ಕೇಳಲಿಲ್ಲ. ಹಟ. ಐದು ದಿನದ ಹಟ. ಇನ್ನೆರಡು ದಿನ ಕಳೆದಿದ್ದರೆ ಭಾನುವಾರ ಬರುತ್ತಿತ್ತು, ಆ ದಿನ ಸೋಲೋಣ ಎಂದುಕೊಂಡಿದ್ದಳು.

"ಅತ್ತಿಗೆ" ಎಂದಳು ತಂಗಿ, ಮೂಗು ಕಟ್ಟಿದ ದನಿಯಲ್ಲಿ. "ಗಾಡಿ ಬಂದಿದೆ. ಒಂದ್ಸಲ ಮುಖ ನೋಡ್ಬಿಡಿ. ಇವರೆಲ್ಲ ಸೇರಿ ಹೊರಳಿಸ್ತಾರೆ."

ಬಾಗಿಲಲ್ಲಿದ್ದ ಹೊಲಿಗೆಯವಳು ಎದ್ದು ನಿಂತದ್ದು ಗಾಜಿನಲ್ಲಿ ಕಂಡಿತು.

"ಬೇಡ" ಎಂದಳು ಆಕೆ. "ಗಾಜಲ್ಲಿ ಕಾಣ್ತಿದೆ."

"ಗಾಜಲ್ಲಿ ಏನು ಕಾಣುತ್ತೆ ಅತ್ತಿಗೆ?"

"ಕಾಣುತ್ತೆ. ಕರ್ಕೊಂಡು ಹೋಗಿ."

ಕಂಡದ್ದು ಪಾದಗಳು ಮಾತ್ರ. ಅವು ಮೇಲೆದ್ದವು, ಗಾಜಿನ ಅಂಚಿನವರೆಗೆ ತೇಲಿಕೊಂಡು ಹೋದವು, ಕಟ್ಟಿನ ಮರದ ಹಿಂದೆ ಮರೆಯಾದವು. ಹೊರಗೆ ಗಾಡಿಯ ಬಾಗಿಲು ಮುಚ್ಚಿದ ಸದ್ದು. ಮಂಜು ಆಗಲೇ ಕರಗಿ ಬಿಸಿಲು ಬಂದಿತ್ತು. ಕಟ್ಟೆಯ ಮೇಲಿನವರೂ ಎದ್ದು ಗಾಡಿಯ ಹಿಂದೆ ಹೋದರು. ಮನೆಯಲ್ಲಿ ಉಳಿದದ್ದು ಮಂಚದ ಮೇಲೆ ಆಕೆ, ಬಾಗಿಲಲ್ಲಿ ಹೊಲಿಗೆಯವಳು.

*

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಓಣಿಯಲ್ಲಿ ಹೆಜ್ಜೆ ಸಪ್ಪಳವಾಯಿತು. ಅದೇ ದಾರಿ, ಅದೇ ಹೊತ್ತು, ಅದೇ ಅವಸರ. ಆಕೆಯ ಎದೆ ಒಮ್ಮೆ ಹೊಡೆದುಕೊಂಡಿತು. ಮೈಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲವೇನೋ.

ಬಂದವನು ಟಾಕೀಸಿನ ಗೇಟ್‌ಕೀಪರ್. ಖಾಕಿ ಅಂಗಿ, ಕೈಯಲ್ಲಿ ಟಾರ್ಚು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಖಾಲಿ ಚಾಪೆಯನ್ನು ನೋಡಿ ಅಲ್ಲೇ ನಿಂತ.

"ಹೋಗ್ಬಿಟ್ರಾ? ಇಂಟರ್‌ವಲ್ ಬಿಡೋವರೆಗೂ ಗೇಟ್ ಬಿಟ್ಟು ಬರೋ ಹಾಗಿರಲಿಲ್ಲ ಅತ್ತಿಗೆ. ಹೊಸ ಸಿನಿಮಾ, ಶುಕ್ರವಾರ."

"ಕೂತ್ಕೊಳ್ಳಿ" ಎಂದಳು ಗೋಡೆಗೆ.

ಅವನು ಸ್ಟೂಲೆಳೆದು ಕೂತ. ಕೂತವನು ಟಾರ್ಚಿನ ಗುಂಡಿಯನ್ನು ಒತ್ತುತ್ತಾ ಬಿಡುತ್ತಾ ಇದ್ದ. ಗೋಡೆಯ ಮೇಲೆ ಬೆಳಕು ಬಂದು ಬಂದು ಹೋಯಿತು.

"ಒಂದು ತಪ್ಪಾಗಿದೆ ಅತ್ತಿಗೆ ನನ್ನಿಂದ. ಕಳೆದ ಭಾನುವಾರ."

ಆಕೆ ತಡೆದು ಕೇಳಿದಳು. "ಆ ದಿನ ಅವರು ಕೊನೆವರೆಗೂ ಕೂತಿದ್ರು. ಅಲ್ವಾ? ಅಂಥದ್ದು ಏನಿತ್ತು ಆ ಸಿನಿಮಾದಲ್ಲಿ, ಎದ್ದು ಬರೋಕೆ ಮನಸ್ಸಾಗದೇ ಇರೋ ಅಂಥದ್ದು?"

"ಕೂತಿದ್ನಾ? ಎಲ್ಲಿ ಕೂತಿದ್ದ ಅತ್ತಿಗೆ, ಮಲಗಿಬಿಟ್ಟಿದ್ದ."

ಆಕೆಗೆ ಅರ್ಥವಾಗಲಿಲ್ಲ.

"ನಿದ್ದೆ. ಬಾಗಿಲ ಪಕ್ಕದ ಸೀಟು ಅವನದು, ಯಾವಾಗ್ಲೂ ನಾನೇ ಇಟ್ಟಿರ್ತಿದ್ದೆ. ಇಂಟರ್‌ವಲ್ ಬೆಲ್ಲಾಯ್ತು, ಆಸಾಮಿ ಏಳಲಿಲ್ಲ. ಹೋಗಿ ನೋಡ್ತೀನಿ, ಬಾಯಿ ತೆರ್ಕೊಂಡು ಎಳೆಮಗು ಥರ ಮಲಗಿದಾನೆ. ಅಂಗೈಯಲ್ಲಿ ಗಡಿಯಾರ ಹಾಗೇ ಇದೆ. ಎಬ್ಬಿಸೋಕೆ ಕೈ ಹಾಕ್ದೆ, ಮನಸ್ಸು ಬರಲಿಲ್ಲ. ಐದು ನಿಮಿಷ ಮಲಗ್ಲಿ, ಆಮೇಲೆ ಎಬ್ಬಿಸೋಣ ಅಂದ್ಕೊಂಡೆ. ಅಷ್ಟರಲ್ಲಿ ಬಾಲ್ಕನೀಲಿ ಯಾರೋ ಜಗಳ ತೆಗೆದ್ರು, ಅಲ್ಲಿಗೆ ಓಡ್ದೆ. ಮರ್ತೇ ಹೋಯ್ತು. ಆಟ ಬಿಡೋ ಹೊತ್ತಿಗೆ ಬಾಗಿಲು ತೆಗೀತೀನಿ, ಬಿಸಿಲು ಮುಖಕ್ಕೆ ಬಿತ್ತು ನೋಡಿ, ಎದ್ದ. ನನ್ನ ಮುಖ ನೋಡ್ದ. 'ಎಷ್ಟೊತ್ತು?' ಅಂದ. ಐದು ದಾಟಿದೆ ಅಂದೆ."

"ಆಮೇಲೆ?"

"ಓಡ್ದ. ಆ ವಯಸ್ಸಿನೋರು ಹಾಗೆ ಓಡಿದ್ದು ನಾನು ಕಂಡಿಲ್ಲ ಅತ್ತಿಗೆ. ಜನಗಳ ಮಧ್ಯೆ ತೂರ್ಕೊಂಡು. ಎಡಗಾಲಿನ ಚಪ್ಪಲಿ ಮೆಟ್ಟಿಲ ಮೇಲೇ ಉಳೀತು. ಕೂಗಿ ಕರ್ದೆ, ತಿರುಗಿ ಕೂಡ ನೋಡಲಿಲ್ಲ."

ಆಕೆಯ ಕಣ್ಣು ಗಾಜಿನಲ್ಲಿ ಆ ಹಳದಿ ಪಟ್ಟಿ ಇದ್ದ ಜಾಗವನ್ನು ಹುಡುಕಿತು. ಅಲ್ಲಿ ಚಾಪೆಯೊಂದೇ ಇತ್ತು.

"ನಾನು ಎಬ್ಬಿಸಿದ್ದಿದ್ರೆ ಅವನು ಅಷ್ಟು ಓಡಬೇಕಾಗ್ತಿರಲಿಲ್ಲ" ಎಂದ ಗೇಟ್‌ಕೀಪರ್. "ಐದು ದಿನದಿಂದ ಅದೇ."

"ಆ ಸಿನಿಮಾ ಹೇಗಿತ್ತು?" ಎಂದು ಆಕೆ ಕೇಳಿದಳು.

"ಕೊನೆ ಹೇಳ್ಲಾ ಅತ್ತಿಗೆ? ಕೊನೇ ಹತ್ತು ನಿಮಿಷ ಬಾಯಿಪಾಠ ನನಗೆ. ಬಾಗಿಲು ತೆಗೆಯೋಕೆ ಒಳಗೆ ಹೋಗ್ತೀನಲ್ಲ. ಎಲ್ಲ ಸಿನಿಮಾದ್ದೂ ಕೊನೆ ಗೊತ್ತು."

"ಕೊನೆ ಬೇಡ. ಮೊದಲರ್ಧ ಹೇಳಿ."

ಗೇಟ್‌ಕೀಪರ್ ಟಾರ್ಚನ್ನು ಆರಿಸಿ ತೊಡೆಯ ಮೇಲಿಟ್ಟ. "ಮೊದಲರ್ಧ ನನಗೆ ಗೊತ್ತಿಲ್ಲ. ಆಗೆಲ್ಲ ಹೊರಗೆ ಟಿಕೆಟ್ ಹರೀತಿರ್ತೀನಿ. ಅದು ಅವನ ಹತ್ರ ಇತ್ತು. 'ನಮ್ಮಿಬ್ಬರದ್ದೂ ಸೇರಿದ್ರೆ ಒಂದು ಸಿನಿಮಾ ಆಗುತ್ತೆ ಕಣಯ್ಯ' ಅಂತ ನಗ್ತಿದ್ದ. ಸೇರಿಸೋಕೆ ಮಾತ್ರ ಒಪ್ಪಲಿಲ್ಲ."

ಅವನು ಅಂಗಿಯ ಜೇಬಿಗೆ ಕೈಹಾಕಿ ಕರವಸ್ತ್ರದ ಗಂಟೊಂದನ್ನು ತೆಗೆದ. ಗಂಟು ಬಿಚ್ಚಿ, ಮಂಚದ ಮೇಲಿಂದ ಬಾಗಿ, ಆಕೆಯ ಬಲಗೈಯ ಬೆರಳುಗಳ ನಡುವೆ ಇಟ್ಟ.

"ಸೀಟಿನ ಕೆಳಗೆ ಬಿದ್ದಿತ್ತು. ಈ ಭಾನುವಾರ ಬಂದಾಗ ಕೊಡೋಣ ಅಂತಿದ್ದೆ. ನಿಂತುಹೋಗಬಾರದು ಅಂತ ದಿನಾ ಕೀ ಕೊಟ್ಟೆ."

ಗಡಿಯಾರ ನಡೆಯುತ್ತಿತ್ತು. ಆಕೆ ಅದನ್ನು ಕಣ್ಣ ಮುಂದೆ ತಂದುಕೊಂಡಳು. ನಾಲ್ಕು ಗಂಟೆ.

"ಸೆಕೆಂಡ್ ಹಾಫ್ ಶುರುವಾಗಿರುತ್ತೆ" ಎಂದು ಅವನು ಎದ್ದ. ಚಪ್ಪಲಿ ಮೆಟ್ಟಿ ಹೊರಟುಹೋದ. ಹೆಜ್ಜೆ ಸಪ್ಪಳ ಓಣಿಯ ಕೊನೆಯಲ್ಲಿ ಕರಗಿತು.

ಆಕೆ ಸ್ವಲ್ಪ ಹೊತ್ತು ಟಿಕ್ ಟಿಕ್ ಕೇಳಿದಳು. ಆಮೇಲೆ ಗೋಡೆಗೆ ಹೇಳಿದ ಹಾಗೆ ಹೇಳಿದಳು.

"ನಾಲ್ಕಾಯ್ತು."

ಬಾಗಿಲಲ್ಲಿ ಬಟ್ಟೆ ಸರಿದ ಸದ್ದಾಯಿತು. ಹೊಲಿಗೆಯವಳು ಬಂದು ಹೊದಿಕೆ ತೆಗೆದಳು. ಒಂದು ಕೈ ಭುಜದ ಹಿಂದೆ, ಇನ್ನೊಂದು ಮೊಣಕಾಲ ಕೆಳಗೆ. ಎಣಿಸಿದ ಹಾಗೆ ಒಂದು ಉಸಿರು ತೆಗೆದುಕೊಂಡು, ಮೈಯನ್ನು ತನ್ನ ಕಡೆಗೆ ಒರಗಿಸಿಕೊಂಡು, ಬಟ್ಟೆ ಎಲ್ಲೂ ಮಡಿಚಿಕೊಳ್ಳದ ಹಾಗೆ ಹೊರಳಿಸಿದಳು. ಮೊಣಕಾಲುಗಳ ನಡುವೆ ದಿಂಬು. ಹಿಮ್ಮಡಿಯ ಕೆಳಗೆ ಮಡಿಸಿದ ಟವೆಲ್ಲು. ಒಂದೂ ತಪ್ಪಲಿಲ್ಲ. ಅದು ಅವರದೇ ಕೈಯ ರೀತಿ.

"ಯಾರು ಹೇಳಿಕೊಟ್ರು ನಿಂಗೆ?"

"ಅಣ್ಣ" ಎಂದಳು ಹೊಲಿಗೆಯವಳು, ಸೊಂಟದ ಹತ್ತಿರ ಕೆಂಪಾದಲ್ಲಿ ಎಣ್ಣೆ ಸವರುತ್ತಾ. "ನಾವಿಬ್ರು ಮಾತು ಬಿಟ್ಮೇಲೆ. ನನ್ನ ಹೊಲಿಗೆ ಅಂಗಡಿಗೆ ಬಂದು, ರವಿಕೆ ತೊಡಿಸೋ ಗೊಂಬೆ ಇದೆಯಲ್ಲ, ಅದನ್ನ ಕಟಿಂಗ್ ಟೇಬಲ್ ಮೇಲೆ ಮಲಗಿಸಿ ತೋರಿಸಿಕೊಟ್ರು. 'ಯಾವತ್ತಾದ್ರೂ ಬೇಕಾಗುತ್ತೆ, ಅವಳಾಗೇ ಕರೀತಾಳೆ, ನೀನಾಗಿ ಹೋಗ್ಬೇಡ' ಅಂದ್ರು. ಗೊಂಬೆಗೆ ಕಾಲೇ ಇಲ್ಲ ಅಕ್ಕ. ಎರಡು ಕೊಡೆ ಕಟ್ಟಿದ್ರು ಕಾಲಿಗೆ."

ಆಕೆಯ ಬಾಯಿಂದ ಒಂದು ಸದ್ದು ಹೊರಟಿತು. ನಗುವೋ ಅಳುವೋ ಅದಕ್ಕೇ ಗೊತ್ತಿರಲಿಲ್ಲ.

ಈಗ ಮುಖ ಕೋಣೆಯ ಕಡೆಗಿತ್ತು. ನಡುವೆ ಖಾಲಿ ಚಾಪೆ. ಚಾಪೆಯಾಚೆ ಬೀದಿಯ ಕಿಟಕಿ, ಕಿಟಕಿಯ ಕೆಳಗೆ ಮಂಚವಿದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು. ಬಾಗಿಲ ಮೂಲೆಯಲ್ಲಿ ಬಲಗಾಲಿನ ಚಪ್ಪಲಿಯೊಂದು ಒಂಟಿಯಾಗಿ ಗೋಡೆಗೊರಗಿತ್ತು.

"ಆ ಹುಡುಗಿ" ಎಂದಳು ಆಕೆ.

"ಯಾವ ಹುಡುಗಿ ಅಕ್ಕ?"

"ದೀಪಸ್ತಂಭದವನ ಮಗಳು. ಬಂಡೆ ಮೇಲೆ ಸತ್ತಳು ಅಂದಿದ್ದೆಯಲ್ಲ."

ಎಣ್ಣೆಯ ಕೈ ನಿಂತಿತು.

"ಸತ್ತದ್ದೇ ನಿಜ. ಹಡಗು ಇರಲಿಲ್ಲ. ನೀನು ನಿದ್ದೆ ಮಾಡಿರಲಿಲ್ಲ."

ಹೊಲಿಗೆಯವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಆಕೆಯ ಬೆರಳುಗಳಿಂದ ಗಡಿಯಾರವನ್ನು ಮೆಲ್ಲಗೆ ಬಿಡಿಸಿಕೊಂಡಳು. ಬೀದಿಯ ಕಿಟಕಿಯ ಪಕ್ಕದ ಆ ಹಳೆಯ ಮೊಳೆಯನ್ನು ಬಾಗಿಲ ಚಿಲಕ ಎತ್ತಿದ ಕತ್ತರಿಯಿಂದಲೇ ಮೀಟಿ ತೆಗೆದಳು. ಮಂಚದ ತಲೆದೆಸೆಗೆ ಬರುವ ಹಾಗೆ ನೋಡಿ, ಓಣಿಯ ಕಿಟಕಿಯ ಚೌಕಟ್ಟಿಗೆ ಕತ್ತರಿಯ ಹಿಡಿಯಿಂದ ಮೂರು ಸಲ ತಟ್ಟಿ ಕೂರಿಸಿದಳು. ಗಡಿಯಾರವನ್ನು ಅದಕ್ಕೆ ತೂಗುಹಾಕಿದಳು.

"ಹಾಡು ಬಂದಾಗ ಒಂಚೂರು ಕಣ್ಣು ಹತ್ತಿತ್ತು ಅಕ್ಕ" ಎಂದಳು.

ಗಡಿಯಾರ ಮೊಳೆಯ ಮೇಲೆ ಆ ಕಡೆ ಈ ಕಡೆ ತೂಗಿ ನಿಂತಿತು. ಅವಳು ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡಳು.